ಮಂಜಿನವರ ಅಳಿವು

ಅಬ್ದುಲ್ ರಹೀಂ ತೀರಿಹೋದ ಸುದ್ದಿ ಬಂದಾಗ ಶಿವಮಲ್ಲಪ್ಪನವರ ಎಡ ಅಂಗೈಯಲ್ಲಿ ಲಿಂಗವಿತ್ತು. ಮಜ್ಜನ ಮುಗಿಸಿ, ವಿಭೂತಿ ಧರಿಸಿ, ಒಂದು ಪತ್ರೆ ಏರಿಸಿ ಇನ್ನೊಂದನ್ನು ಬೆರಳಲ್ಲಿ ಹಿಡಿದಿದ್ದರು. ಮಗ ಮೃತ್ಯುಂಜಯ ಪೂಜೆಯ ಕೋಣೆಯ ಹೊಸ್ತಿಲಾಚೆ ಮೊಬೈಲು ಹಿಡಿದುಕೊಂಡು ಬಂದು ನಿಂತ. ಆ ಹೊತ್ತಿನಲ್ಲಿ ಆ ಹೊಸ್ತಿಲ ಬಳಿ ಯಾರೂ ನಿಲ್ಲುವ ರೂಢಿಯಿಲ್ಲ. ನಿಂತಿದ್ದಾನೆಂದರೆ ಏನೋ ಆಗಿದೆ. ಅದು ತಿಳಿದೂ ಅವರು ತಲೆ ಎತ್ತಲಿಲ್ಲ. ಎತ್ತದಿದ್ದರೆ ಆಗಿರುವುದು ಇನ್ನೂ ಸ್ವಲ್ಪ ಹೊತ್ತು ಆಗದೆ ಉಳಿಯಬಹುದು ಎನ್ನುವಂತೆ.

"ಅಪ್ಪಾ, ಗುಂಡ್ಲುಪೇಟೆಯಿಂದ ಸಾದಿಕ್ ಫೋನ್ ಮಾಡಿದ್ದ," ಎಂದ ಮೃತ್ಯುಂಜಯ. "ಅವ್ರಪ್ಪ, ರಹೀಂ ಸಾಬ್ರು ಓಗ್ಬುಟ್ರಂತೆ. ಬೆಳಿಗ್ಗೆ ನಮಾಜ್ ಮುಗಿಸಿ ಗೋಡೆಗೆ ಒರಗಿ ಕೂತಿದ್ರಂತೆ. ಅಷ್ಟೆಯ. ಮಧ್ಯಾನ್ನದ ನಮಾಜ್ ಆಗ್ತಿದ್ದಂಗೆ ಮಣ್ಣು ಅಂದ."

ಪತ್ರೆ ಬೆರಳಿಂದ ಜಾರಲಿಲ್ಲ. ಶಿವಮಲ್ಲಪ್ಪನವರ ಮನಸ್ಸಿಗೆ ಮೊದಲು ಬಂದದ್ದು ರಹೀಮನ ಮುಖವಲ್ಲ, ಅವನ ಹೆಂಡತಿ ಸಾಬೀರಾಳ ಗತಿಯಲ್ಲ. 'ನಾಳೆ ಸಂತೆಯಲ್ಲವೇ, ನಾಳೆ ಅವರನ್ನು ವಾಪಸು ತರಬೇಕೆಂದಿದ್ದೆನಲ್ಲ' ಎಂಬ ಮಾತು. ಯಾರನ್ನು? ಇಲ್ಲದ ಜನರನ್ನು, ಎಂದೂ ಹುಟ್ಟದ ಜನರನ್ನು. ಗೆಳೆಯ ಸತ್ತ ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲಿ, ಅಂಗೈಯಲ್ಲಿ ಲಿಂಗವಿರುವಾಗ, ಕಟ್ಟುಕತೆಯ ಜನರ ಚಿಂತೆ ಹತ್ತಿದ ತನ್ನ ಮನಸ್ಸನ್ನು ಕಂಡು ಅವರು ದಂಗಾದರು. ಎರಡನೆಯ ಪತ್ರೆ ಏರಿಸಿದರು. ಮೂರನೆಯದು. ಆಮೇಲೆ ಬುಟ್ಟಿಯಲ್ಲಿದ್ದ ಪತ್ರೆಯನ್ನೆಲ್ಲ ಒಂದೊಂದಾಗಿ, ತೊಟ್ಟು ಮುರಿದು, ಧೂಳು ಒರೆಸಿ, ಏರಿಸುತ್ತ ಹೋದರು. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವರು ಪೂಜೆ ಮಾಡಿರಲಿಲ್ಲ.

ಹೊರಗೆ ಹೆಂಡತಿ ಮಲ್ಲಾಜಮ್ಮನ ಗೊಣಗು ಕೇಳುತ್ತಿತ್ತು. "ಇವ್ರು ಇವತ್ತೇ ಇಷ್ಟೊತ್ತು ಕೂರ್ಬೇಕಾ? ಅವ್ರು ನಮ್ಮಂಗೆ ಕಾಯಕ್ಕಿಲ್ಲ ಕಣೋ ಮೃತ್ಯುಂಜಯ, ತಕ್ಸಣ ಮಾಡ್ಬುಡ್ತಾರೆ."

ಎದ್ದು ಬಂದಾಗ ಅವಳು ಒಗೆದ ಪಂಚೆ, ಅಂಗಿ ಹಿಡಿದು ನಿಂತಿದ್ದಳು. "ಗಾಡೀಲಿ ಬುಡ್ತಾನೆ ಮಗ, ಬೇಗ ಓಗಿ."

"ಬಸ್ಸಲ್ಲೇ ಓಯ್ತೀನಿ. ನಾನು ಬರೋಗಂಟ ಅವ್ರು ಎತ್ತಕ್ಕಿಲ್ಲ ಬುಡು."

ಹೇಳಿದ ಮೇಲೆ ಅದು ಎಂಥ ಮಾತು ಎನ್ನಿಸಿತು. ಎಷ್ಟು ಜನಾಜಗಳಲ್ಲಿ ಹೆಣದ ಹಿಂದೆ ತಾವು ಹೆಗಲಿಗೆ ಟವೆಲು ಹಾಕಿಕೊಂಡು ನಡೆದಿದ್ದಾರೆ. ಅವರ ಪದ್ಧತಿ ಗೊತ್ತಿಲ್ಲದ್ದೇನಲ್ಲ. ಆದರೂ ಕಣ್ಣ ಮುಂದೆ ಬಂದದ್ದು ತಮ್ಮ ಕಡೆಯ ಚಿತ್ರ. ಪಡಸಾಲೆಯಲ್ಲಿ ಕೂರಿಸಿದ ದೇಹ, ಹಣೆಗೆ ವಿಭೂತಿ, ಕೊರಳಿಗೆ ಹೂವು, ಎದುರಿಗೆ ಭಜನೆಯವರು, ದೂರದ ನಂಟರು ಬರಲೆಂದು ಎಲ್ಲರೂ ಬಾಗಿಲ ಕಡೆ ನೋಡುತ್ತಿರುವುದು. ರಹೀಮನೂ ಹಾಗೇ ಗೋಡೆಗೊರಗಿ ಕೂತು ತಮಗಾಗಿ ಕಾಯುತ್ತಿದ್ದಾನೆ. ಒಮ್ಮೆ ಅವನೇ ನಕ್ಕು ಹೇಳಿದ್ದ, "ನಾವಿಬ್ರೂ ಮಣ್ಣಿಗೇ ಹೋಗೋರು ಮಲ್ಲಪ್ಪಾ. ಆದ್ರೆ ನೀನು ಕೂತ್ಕೊಂಡು ಹೋಗ್ತೀಯ, ನಾನು ಮಲಗಿ. ನೀನು ಅಲ್ಲೂ ಹರಟೆಗೆ ರೆಡಿ."

ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆಯ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡೇ ನಿಂತಿತ್ತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ತೆರಕಣಾಂಬಿ, ಗುಂಡ್ಲುಪೇಟೆ, ಬನ್ನಿ ಯಜಮಾನ್ರೇ, ಸೀಟೈತೆ," ಎಂದ. ಶಿವಮಲ್ಲಪ್ಪನವರು ಅವನ ಮುಖವನ್ನೇ ನೋಡುತ್ತ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವುದನ್ನು, ಬೇರೆ ಯಾರೋ ತಪ್ಪಿಸಿಕೊಂಡ ಬಸ್ಸೆಂಬಂತೆ, ಕತ್ತು ಚಾಚಿ ನೋಡಿದರು. ಪಕ್ಕದಲ್ಲಿ ಪುಣಜನೂರಿನ ಕಡೆಯ ಹೆಂಗಸೊಬ್ಬಳು ಸೊಪ್ಪಿನ ಕಂತೆಗೆ ನೀರು ಚಿಮುಕಿಸುತ್ತಿದ್ದಳು. ಎರಡು ಹನಿ ಅವರ ಕಾಲಿನ ಮೇಲೆ ಬಿದ್ದವು. ತಣ್ಣಗಿದ್ದವು. ಸತ್ತವನ ಮುಖ ನೋಡಲು ತನಗೆ ಹೆದರಿಕೆ ಎಂದು ಆಗ, ಆ ತಣ್ಣನೆಯಿಂದ, ಗೊತ್ತಾಯಿತು. ಮುಖ ಹೇಗಿರುತ್ತದೆಂಬ ಹೆದರಿಕೆಯಲ್ಲ. ಹೋದ ಸಂತೆಯ ದಿನ ಹೇಗಿತ್ತೋ ಹಾಗೇ ಇದ್ದರೆ ಎಂಬ ಹೆದರಿಕೆ.

ರಹೀಮನ ಅಂಗಡಿ ಗುಂಡ್ಲುಪೇಟೆಯ ಸಂತೆಬೀದಿಯ ಕೊನೆಯಲ್ಲಿ. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದು ಅವನ ಕಸುಬು. ಅರಿಶಿನ ಮಾರಲು ಸಂತೆಗೆ ಬಂದ ಶಿವಮಲ್ಲಪ್ಪ ಮೊದಲ ಸಲ ಆ ಅಂಗಡಿಯ ನೆರಳಿಗೆ ನಿಂತಾಗ ಇಬ್ಬರಿಗೂ ಮೀಸೆ ಕರ್ರಗಿತ್ತು. ಕತೆ ಯಾವಾಗ ಶುರುವಾಯಿತೆಂಬುದು ಅವರಿಗೆ ಸರಿಯಾಗಿ ನೆನಪಿಲ್ಲ. ಒಂದು ಚಳಿಗಾಲ, ಗೋಪಾಲಸ್ವಾಮಿ ಬೆಟ್ಟದ ತಲೆ ಮಂಜಿನಲ್ಲಿ ಮುಳುಗಿ ಕಾಣದೇ ಹೋಗಿದ್ದ ದಿನ, ರಹೀಂ ಹಿಂಜುವ ಬಿಲ್ಲಿನ ಹುರಿಯನ್ನು ಹತ್ತಿಯಲ್ಲಿ ಮಿಡಿಯುತ್ತ, ಆ ಮಂಜಿನೊಳಗೆ ಒಂದು ಕುಲದ ಜನ ಇದ್ದಾರೆ, ಅವರಿಗೆ ಸಾವಿಲ್ಲ ಎಂದಿದ್ದ. ಸಾವಿಲ್ಲದವರ ಕತೆ ಎಷ್ಟು ಹೊತ್ತು ಕೇಳುವುದು, ಕೆಳಗೆ ಬಯಲಿನಲ್ಲಿ ಸಾಯುವವರೂ ಇರಬೇಕು ಎಂದು ಶಿವಮಲ್ಲಪ್ಪ ತನ್ನ ಜನವನ್ನು ಹುಟ್ಟಿಸಿದ್ದ. ಅಲ್ಲಿಂದ ಮಂಜಿನವರು ರಹೀಮನ ಪಾಲು, ಮಣ್ಣಿನವರು ಶಿವಮಲ್ಲಪ್ಪನ ಪಾಲು. ಸಂತೆಯಿಂದ ಸಂತೆಗೆ ಕತೆ ಬೆಳೆಯಿತು. ಮಣ್ಣಿನವರು ಕಾಡು ಕಡಿದರು, ಕೆರೆ ಕಟ್ಟಿದರು, ಕೋಟೆ ಕಟ್ಟಿ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು. ಒಂದು ಗುಡ್ಡ ಬೋಳಾದಾಗಲೆಲ್ಲ ಮಂಜು ಇನ್ನೊಂದು ಗುಡ್ಡಕ್ಕೆ ಏರಿತು, ಅದರೊಳಗಿನ ಜನವೂ ಏರಿದರು. ಶಿವಮಲ್ಲಪ್ಪನ ದೊರೆಗಳು, ಅವರ ಮಕ್ಕಳು, ಮರಿಮಕ್ಕಳು ಸಾಲುಸಾಲಾಗಿ ಮಣ್ಣಾದರೆ ರಹೀಮನ ಕಡೆ ಅದೇ ಜನ, ಅದೇ ಹೆಸರು. ಕೇಳಲು ಕೂರುತ್ತಿದ್ದವರಲ್ಲಿ ಕುರಿ ವ್ಯಾಪಾರದ ದೊಡ್ಡಬೀರಯ್ಯ ಅದಕ್ಕೇ ಛೇಡಿಸುತ್ತಿದ್ದ. "ಸಾಬ್ರೇ, ನಿಮ್ಮೋರ್ಗೆ ರೇಸನ್ ಕಾರ್ಡ್ ಒಂದ್ಸಲ ಮಾಡ್ಸುದ್ರೆ ಸಾಕು ಕಣಿ, ಎಸ್ರು ತೆಗಿಯಂಗೇ ಇಲ್ಲ!"

ರಹೀಂ ನಗುತ್ತಿದ್ದ. "ಸಾಯದೋನು ಮೇಲಿರೋನು ಒಬ್ನೇ ಬೀರಯ್ಯ. ಇವ್ರೂ ಹೋಗೋರೇ. ತಡವಾಗಿ ಹೋಗ್ತಾರೆ, ಅಷ್ಟೆ."

ಕಟ್ಟಳೆ ಒಂದೇ ಇತ್ತು. ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಆದದ್ದು. ಅವರವರ ಜನವನ್ನು ಅವರವರೇ ಸಾಯಿಸಬೇಕು. ಶಿವಮಲ್ಲಪ್ಪನ ಸೈನ್ಯ ಮಂಜಿಗೆ ಬಾಣ ಬಿಡಬಹುದು. ಅದು ತಗುಲಿತೋ ಇಲ್ಲವೋ ಹೇಳುವವನು ರಹೀಂ.

ಎರಡನೆಯ ಬಸ್ಸು ಬಂದಾಗ ಹತ್ತಿದರು. ಕಿಟಕಿಯಾಚೆ ಚೆಂಡುಹೂವಿನ ಹೊಲಗಳು ಹಳದಿಗೆ ಉರಿಯುತ್ತಿದ್ದವು. ಕೇರಳದ ಲಾರಿಗಳು ರಸ್ತೆಯಂಚಿನಲ್ಲಿ ಹೂವಿನ ಮೂಟೆ ತುಂಬಿಕೊಳ್ಳುತ್ತಿದ್ದವು. ಪೂಜೆಗಲ್ಲ, ಮುಡಿಯಲಿಕ್ಕಲ್ಲ, ಅರೆದು ಬಣ್ಣ ತೆಗೆಯಲು. ಹೂವನ್ನು ಮೂಟೆಯಲ್ಲಿ ಕಾಲಿನಿಂದ ತುಳಿದು ಅಡಕುತ್ತಿದ್ದ ಆಳನ್ನು ಕಂಡು ಶಿವಮಲ್ಲಪ್ಪನವರು ಮುಖ ತಿರುಗಿಸಿದರು. ತಿರುಗಿಸಿದ ಕಡೆ ಬಸ್ಸಿನೊಳಗಿನ ಸಣ್ಣ ಕನ್ನಡಿಯಲ್ಲಿ ಒಬ್ಬ ಮುದುಕ ವಿಭೂತಿ ಬಳಿದುಕೊಂಡು ಕೂತಿದ್ದ. ಬಾಯಿ ಸ್ವಲ್ಪ ತೆರೆದಿತ್ತು, ಇನ್ನೇನು ಮಾತು ಶುರುಮಾಡುವವನ ಹಾಗೆ.

ಈ ಬಾಯಿಯೇ ಅಲ್ಲವೇ. ಹೋದ ಸಂತೆಯ ದಿನ ರಹೀಮನ ಉಸಿರು ಸರಿಯಿರಲಿಲ್ಲ. ವರ್ಷಾನುಗಟ್ಟಲೆ ಎಳೆದುಕೊಂಡ ಹತ್ತಿಯ ಧೂಳು ಎದೆಯಲ್ಲಿ ಕೂತು ಸಿಳ್ಳೆ ಹಾಕುತ್ತಿತ್ತು. ಮಂಜಿನವರು ಕೊನೆಯ ಬೆಟ್ಟಕ್ಕೆ ಏರಿದ ಭಾಗವನ್ನು ಅವನು ಹೇಳತೊಡಗಿದ. ಅದನ್ನು ಹಿಂದಿನ ಸಂತೆಯಲ್ಲೇ ಹೇಳಿಯಾಗಿತ್ತು. ನಡುವೆ ಅವನು ತನ್ನವರ ಹಿರಿಯನ ಹೆಸರನ್ನು ಶಿವಮಲ್ಲಪ್ಪನ ಸತ್ತ ದೊರೆಗೆ ಇಟ್ಟ. ತಡವರಿಸಿ, ಮತ್ತೆ ಮೊದಲಿಗೆ ಬಂದ. ದೊಡ್ಡಬೀರಯ್ಯ ಬೀಡಿಯ ತುದಿ ಕೊಡವಿ, "ಇದು ಓದ್ ಸಂತೇಲಿ ಆಯ್ತಲ್ಲ ಸಾಬ್ರೇ. ಟೀವೀಲೂ ಇಂಗೇ ಕಣಿ, ಅಡ್ವಟೈಜ್ ಆದ್ಮೇಕೆ ತಿರುಗ ಅದ್ನೇ ತೋರುಸ್ತರೆ," ಎಂದ. ಕೂತಿದ್ದವರೆಲ್ಲ ನಕ್ಕರು. ರಹೀಮನೂ ನಕ್ಕ. ಅವನು ನಕ್ಕದ್ದು ಶಿವಮಲ್ಲಪ್ಪನವರಿಗೆ ತಡೆಯಲಾಗಲಿಲ್ಲ. ಗೆಳೆಯನನ್ನು ಆ ನಗುವಿನಿಂದ ಬಿಡಿಸಬೇಕೆಂದು ತಾನು ಬಾಯಿ ಹಾಕಿದೆ ಎಂದು ಈ ವಾರವೆಲ್ಲ ತಮಗೆ ತಾವೇ ಹೇಳಿಕೊಂಡಿದ್ದರು. ಬಸ್ಸಿನ ಕನ್ನಡಿಯ ಮುಂದೆ ಆ ಮಾತು ನಿಲ್ಲಲಿಲ್ಲ. ಬಿಡಿಸಲಿಕ್ಕಲ್ಲ. ಅವನ ಮುದಿತನ ತನಗೆ ಹೇಸಿಗೆಯಾಗಿತ್ತು. ತನಗೂ ಅದೇ ಬರಲಿದೆ ಎಂಬುದು ಹೇಸಿಗೆಯಾಗಿತ್ತು.

"ಒಂದು ಬೆಳಿಗ್ಗೆ ಸೂರ್ಯ ಉಟ್ಟಿದ," ಎಂದಿದ್ದರು ಅವರು, ರಹೀಮನ ಮಾತನ್ನು ಅರ್ಧಕ್ಕೇ ತುಂಡರಿಸಿ. ಬಿಸಿಲು ಬೆಟ್ಟದ ಬುಡದಿಂದ ಏರುತ್ತ ಹೋಯಿತು. ಮಂಜು ಮೊದಲು ಹಾಲಿನ ಹಾಗಿತ್ತು, ಆಮೇಲೆ ನೀರಿನ ಹಾಗಾಯಿತು, ಆಮೇಲೆ ಏನೂ ಇಲ್ಲ. ಮಣ್ಣಿನವರು ಏರಿ ಹೋಗಿ ನೋಡಿದರೆ ಹುಲ್ಲಿನ ಮೇಲೆ ಕೂತವರ ಗುರುತಿತ್ತು, ಕೂತವರಿರಲಿಲ್ಲ. ಒಲೆಗಳಿದ್ದವು, ಬೂದಿಯಿರಲಿಲ್ಲ. ಮಾತು ಎಲ್ಲಿಂದ ಬರುತ್ತಿತ್ತೋ, ನಾಲಿಗೆ ಎಷ್ಟು ಹಗುರವಾಗಿತ್ತೋ. ನಗುತ್ತಿದ್ದವರು ಬಾಯಿ ಮುಚ್ಚಿದರು, ಬೀಡಿ ಬೆರಳಲ್ಲೇ ಆರಿತು. ಅಷ್ಟು ಚೆನ್ನಾಗಿ ಶಿವಮಲ್ಲಪ್ಪನವರು ಯಾವ ಸಂತೆಯಲ್ಲೂ ಕತೆ ಹೇಳಿರಲಿಲ್ಲ. ಹೇಳುತ್ತಿರುವಾಗಲೇ ಅದು ಅವರಿಗೆ ಗೊತ್ತಿತ್ತು, ಮತ್ತು ಆ ಸುಖ ಗೊತ್ತಿತ್ತು.

ಯಾರೋ ಚಪ್ಪಾಳೆ ತಟ್ಟಿದ. ರಹೀಂ ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ:

"ಎಲ್ಲಾರೂನಾ ಮಲ್ಲಪ್ಪಾ?"

"ಎಲ್ಲಾರೂವೆ."

"ಮಕ್ಕಳೂ?"

ಆಗ ಕೂಡ ಒಂದು ದಾರಿಯಿತ್ತು. ಇಲ್ಲ, ಮಕ್ಕಳು ಗುಹೆಯಲ್ಲಿದ್ದರು, ಅಲ್ಲಿ ಮಂಜು ಉಳಿದಿತ್ತು ಎನ್ನಬಹುದಿತ್ತು. ಆದರೆ ಕೇಳುವವರ ಕಣ್ಣು ತಮ್ಮ ಮೇಲಿತ್ತು, ಕತೆ ಮುಗಿದ ರೀತಿ ಚೆಂದವಿತ್ತು. "ಮಕ್ಕಳೂವೆ ಕಣಯ್ಯ," ಎಂದುಬಿಟ್ಟರು. ರಹೀಂ ಸ್ವಲ್ಪ ಹೊತ್ತು ಅವರ ಮುಖ ನೋಡಿ, ತಲೆಯಾಡಿಸಿ, ಬಿಲ್ಲನ್ನು ಎತ್ತಿಕೊಂಡು ಹತ್ತಿ ಹಿಂಜಲು ಶುರುಮಾಡಿದ. ಹುರಿಯ ಸದ್ದಿನಲ್ಲಿ ಬೇರೆ ಮಾತಿಗೆ ಜಾಗವಿರಲಿಲ್ಲ. ಹೊರಡುವಾಗ ಎಂದಿನಂತೆ ಚಹಾ ತರಿಸಿದ. ಆ ಮುಖ. ಅದರಲ್ಲಿ ಸಿಟ್ಟಿದ್ದಿದ್ದರೆ ಇವತ್ತು ಮೊದಲನೆಯ ಬಸ್ಸನ್ನೇ ಹತ್ತುತ್ತಿದ್ದರು.

ತೆರಕಣಾಂಬಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಡ್ರೈವರು ಇಳಿದು ವಡೆ ತಿಂದ. ಶಿವಮಲ್ಲಪ್ಪನವರಿಗೆ ಈಗ ತಾಳಲಾರದ ಅವಸರ ಹತ್ತಿತು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು, ಮತ್ತೆ ಬಂದು ಕೂತರು. ವಾಪಸು ತರುವ ಮಾತನ್ನು ವಾರವೆಲ್ಲ ಕಟ್ಟಿಕೊಂಡಿದ್ದರು. ಗದ್ದೆಯ ಬದುವಿನಲ್ಲಿ, ಊಟದ ತಟ್ಟೆಯ ಮುಂದೆ, ನಾಚಿಕೆಯಿಲ್ಲದೆ ಪೂಜೆಯಲ್ಲೂ. ಸಂಜೆ ಬೆಟ್ಟ ತಣ್ಣಗಾಯಿತು, ಕಣಿವೆಯಿಂದ ಒಂದೆಳೆ ಮಂಜು ಎದ್ದಿತು, ಬೆಟ್ಟದ ತಲೆ ಮುಚ್ಚಿಕೊಂಡಿತು, ಒಳಗಿಂದ ಯಾರೋ ಕೆಮ್ಮಿದರು. ಮುಂದಿನದನ್ನು ನೀನು ಹೇಳು ರಹೀಮಾ, ಎಂದು ಬಿಟ್ಟುಕೊಡುವುದು. ಕಿವಿಯ ಹತ್ತಿರ ಬಗ್ಗಿ ಇಷ್ಟು ಹೇಳಿದರೂ ಸಾಕು. ಸತ್ತವನ ಕಿವಿಯಲ್ಲಾದರೂ ಸರಿ. ಅವರು ಕಾಯುತ್ತಿರುತ್ತಾರೆ. ತಾವಿಲ್ಲದೆ ಎತ್ತುವುದಿಲ್ಲ.

ಸಂತೆಬೀದಿಯ ತಿರುವಿನಲ್ಲೇ ಎದುರಾದರು. ಟೋಪಿ ಹಾಕಿದವರು, ತಲೆಗೆ ಕರ್ಚೀಫು ಕಟ್ಟಿದವರು, ಪಂಚೆಯ ಅಂಚಿಗೆ ಕೆಂಪುಮಣ್ಣು ಮೆತ್ತಿದವರು, ಎರಡು ಮೂರು ಜನದ ಗುಂಪಾಗಿ, ಮಾತಾಡಿಕೊಂಡು ವಾಪಸು ಬರುತ್ತಿದ್ದರು. ಒಬ್ಬ ಆಕಳಿಸಿದ. ಅವರ ನಡುವೆ ದೊಡ್ಡಬೀರಯ್ಯನಿದ್ದ. ಅವನ ಅಂಗೈಯಲ್ಲೂ ಮಣ್ಣಿತ್ತು.

"ಈಗ್ ಬತ್ತಿದ್ದೀರಾ ಮಲ್ಲಪ್ಪೋರೆ?" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಆಶ್ಚರ್ಯವಿತ್ತು. ಅದು ಕೊಂಕಿಗಿಂತ ಕಡೆ. "ಸಾದಿಕ್ ರೋಡ್ ನೋಡ್ತಾನೇ ಇದ್ದ ಪಾಪ. ನಮಾಜ್ ಆದ್ಮೇಕೂ ಒಸಿ ಒತ್ತು ನಿಲ್ಸಿದ್ರು. ಆಮ್ಯಾಕೆ ಮಸೀದಿ ಅಜರತ್ತು, ಹೆಣ ಕಾಯಿಸ್ಬಾರ್ದು ಅಂದ್ರು. ಮುಗ್ದೋಯ್ತು."

"ಬಸ್ಸು ಸಿಗ್ನಿಲ್ಲ," ಎಂದರು ಶಿವಮಲ್ಲಪ್ಪನವರು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಸುಳ್ಳು.

ರಹೀಮನ ಮನೆ ಅಂಗಡಿಯ ಹಿಂಭಾಗದಲ್ಲಿತ್ತು. ಅಂಗಡಿಯಲ್ಲಿ ಈಗ ಮಗ ಸಾದಿಕ್ ತಂದಿಟ್ಟ ಫೋಮಿನ ಹಾಸಿಗೆಗಳು ಪ್ಲಾಸ್ಟಿಕ್ಕಿನೊಳಗೆ ಸಾಲಾಗಿ ನಿಂತಿದ್ದವು. ಸಾದಿಕ್ ಅವರನ್ನು ಕಂಡು ಕೈ ಹಿಡಿದುಕೊಂಡ, ಒಳಗೆ ಕರೆದೊಯ್ದ. ಪಡಸಾಲೆಯ ನಡುವೆ, ಎಂದೂ ಇಲ್ಲದ ಜಾಗದಲ್ಲಿ, ಒಂದು ಪರದೆ ಇಳಿಬಿಟ್ಟಿತ್ತು. "ಅಮ್ಮಿ ಇದ್ದತ್ ಕೂತವ್ರೆ," ಎಂದ ಸಾದಿಕ್ ಮೆಲ್ಲಗೆ. "ಗಂಡ ಹೋದ್ಮೇಲೆ ನಾಕು ತಿಂಗಳು ಹತ್ತು ದಿನ ಹೊರಗಿನ ಗಂಡಸ್ರ ಮುಂದೆ ಬರಂಗಿಲ್ಲ. ನೀವು ಬಂದ್ರೆ ಮಾತಾಡ್ಬೇಕು ಅಂದಿದ್ರು."

ಹೊರಗಿನ ಗಂಡಸರು. ಸಾಬೀರಾ ಎಷ್ಟು ವರ್ಷ ಇವರ ಕೈಗೆ ಚಹಾದ ಲೋಟ ಕೊಟ್ಟಿದ್ದಾಳೆ, ಮಲ್ಲಾಜಮ್ಮನ ಹೆರಿಗೆಗೆ ಬಂದು ಹರದನಹಳ್ಳಿಯಲ್ಲಿ ನಿಂತಿದ್ದಾಳೆ. ಪರದೆಯ ಹೂವಿನ ಚಿತ್ತಾರವನ್ನು ನೋಡುತ್ತ ಶಿವಮಲ್ಲಪ್ಪನವರು ಚಾಪೆಯ ಮೇಲೆ ಕೂತರು. ಒಳಗಿದ್ದದ್ದೇ ಹೊರಬಿತ್ತು.

"ತಪ್ಪಾಗೋಯ್ತು ಕಣವ್ವ ಸಾಬೀರಾ. ಓದ್ ಸಂತೇಲಿ ಅವನ ಕತೆಗೆ ನಾನು ಬಾಯಾಕ್ಬುಟ್ಟೆ. ಅವನ ಜನಾನೆಲ್ಲಾ ನಾನು... ನಾಳೆ ಸರಿಮಾಡ್ಬೇಕು ಅಂತಿದ್ದೆ. ಮಂಜು ತಿರುಗ ಇಳೀತು, ಅವ್ರೆಲ್ಲಾ ಬದುಕವ್ರೆ ಅಂತ ಏಳ್ಬೇಕು ಅಂತ."

ಸಾದಿಕ್ ಕಣ್ಣು ಕೆಳಗೆ ಮಾಡಿದ. ಸಾವಿನ ಮನೆಯಲ್ಲಿ ಮುದುಕರು ಏನೇನೋ ಆಡುತ್ತಾರೆ ಎನ್ನುವಂತೆ. ಪರದೆಯ ಆಚೆಯಿಂದ ಸಾಬೀರಾಳ ದನಿ ಬಂತು, ಅತ್ತು ಅತ್ತು ಒಣಗಿದ ದನಿ.

"ಗೊತ್ತು ಭಾಯಿ. ಅವತ್ತು ಬಂದು ಹೇಳಿದ್ರು. ಮಲ್ಲಪ್ಪ ಎಲ್ಲಾರ್ನೂ ಮುಗಿಸ್ಬಿಟ್ಟ ಅಂದ್ರು. ಯಾರ್ನ ಅಂದೆ. ನಾನೇನು ಅಂಗಡೀಲಿ ಕೂತು ನಿಮ್ ಕತೆ ಕೇಳಿದೋಳಾ? ಅವತ್ತೇ ನಂಗೆ ಗೊತ್ತಾಗಿದ್ದು. ನಮ್ ಸಲ್ಮಾಳ್ನ ಅಲ್ಲಿ ಇಟ್ಟಿದ್ರಂತೆ."

ಶಿವಮಲ್ಲಪ್ಪನವರಿಗೆ ಅರ್ಥವಾಗಲಿಲ್ಲ. ಮಾತು ಕಿವಿಗೆ ಬಿತ್ತು, ಬಿದ್ದು ಅಲ್ಲೇ ನಿಂತಿತು. ಸಲ್ಮಾ ಎಂದರೆ ರಹೀಮನ ಮೊದಲ ಮಗು. ಜ್ವರ ಬಂದು ಒಂದೇ ರಾತ್ರಿಯಲ್ಲಿ ಹೋದದ್ದು; ಸಾದಿಕ್ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು. ಅವಳನ್ನು ಎಲ್ಲಿ ಇಟ್ಟಿದ್ದ? ಆಮೇಲೆ, ಬಾವಿಗೆ ಬಿದ್ದ ಕಲ್ಲು ತಡವಾಗಿ ನೀರು ಮುಟ್ಟುವ ಹಾಗೆ, ಮುಟ್ಟಿತು. ಕಿರಿಯವಳು. ಮಂಜಿನವರಲ್ಲಿ ಎಲ್ಲರಿಗೂ ಹೆಸರಿತ್ತು, ಒಬ್ಬ ಹುಡುಗಿಗೆ ಮಾತ್ರ ಇರಲಿಲ್ಲ. ರಹೀಂ ಅವಳನ್ನು ಕಿರಿಯವಳು ಎಂದೇ ಕರೆಯುತ್ತಿದ್ದ. ಮಂಜಿನ ಅಂಚಿನ ಕೊಳದ ಹತ್ತಿರ ಕೂತು, ನೀರಿಗೆ ಬರುವ ಮಣ್ಣಿನವರನ್ನು ಮಾತಾಡಿಸುವವಳು. ಅವಳ ಗೆಳತಿಯರು ದೊಡ್ಡವರಾಗುತ್ತಿದ್ದರು, ಮುದುಕಿಯರಾಗುತ್ತಿದ್ದರು, ಬರುವುದು ನಿಲ್ಲಿಸುತ್ತಿದ್ದರು. "ನೀವೆಲ್ಲ ಎಲ್ಲಿಗೆ ಹೋಗ್ಬಿಡ್ತೀರಿ?" ಎಂದು ಅವಳು ಅವರ ಮೊಮ್ಮಕ್ಕಳನ್ನು ಕೇಳುತ್ತಿದ್ದಳು. ಎಷ್ಟು ಸಲ ತಾವು ನಕ್ಕಿದ್ದರು. "ಆ ಮಗೀಗೆ ಒಂದು ಮದ್ವೆ ಮಾಡ್ಬುಡಯ್ಯ ರಹೀಮಾ, ನನ್ ಕಡೆ ಒಳ್ಳೆ ಗಂಡವ್ನೆ. ಎಷ್ಟ್ ವರ್ಷ ಅಂತ ಲಂಗ ಉಡುಸ್ತೀಯಾ?" ರಹೀಂ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದ. ಅವಳಿನ್ನೂ ಚಿಕ್ಕವಳು ಮಲ್ಲಪ್ಪಾ. ಹತ್ತಿಯ ಮೇಲಿನ ಕಣ್ಣು ಎತ್ತದೆ. ತಾವು ಅದನ್ನು ತಮಾಷೆ ಎಂದುಕೊಂಡು ಕೂತವರ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದರು.

ಮಕ್ಕಳೂ? ಎಂದು ಕೇಳಿದ್ದ.

"ಸಲ್ಮಾ ಹೋದ್ಮೇಲೆ ಅವರು ಕಬರಸ್ತಾನದಲ್ಲಿ ಅವಳ ಹತ್ರ ಹೋದೋರೇ ಅಲ್ಲ," ಎನ್ನುತ್ತಿದ್ದಳು ಸಾಬೀರಾ. "ಬೇರೆ ಯಾರ ಮಣ್ಣಿಗಾದ್ರೂ ಹೋಗೋರು, ಆ ಮೂಲೆ ಕಡೆ ತಿರುಗ್ತಿರಲಿಲ್ಲ. ಅವಳ ಹೆಸರಲ್ಲಿ ಒಂದು ದುವಾ ಮಾಡ್ಲಿಲ್ಲ. ನಾನು ಒಬ್ಬಳೇ ಅತ್ತೆ ಭಾಯಿ, ಅಷ್ಟು ವರ್ಷ. ಇವರಿಗೆ ಕರುಳೇ ಇಲ್ಲ ಅಂದ್ಕೊಂಡಿದ್ದೆ. ಅವತ್ತು ಸಂತೆಯಿಂದ ಬಂದು ನಮಾಜ್ ಮಾಡಿ ಕೈ ಎತ್ತಿದ್ರು. ಯಾರ್ಯಾರದೋ ಹೆಸರು ಹೇಳೋಕೆ ಶುರುಮಾಡಿದ್ರು. ನಾನು ಕೇಳದೇ ಇರೋ ಹೆಸರು. ಇದ್ಯಾರು, ನಮ್ಮೋರಾ ಅಂದ್ರೆ, ಹ್ಞೂಂ, ಎಲ್ಲಾ ಹೋಗ್ಬಿಟ್ರು, ಒಬ್ಬೊಬ್ಬರಿಗೂ ದುವಾ ಕೇಳ್ಕೋಬೇಕು ಅಂದ್ರು. ಕಟ್ಟಿದ ಕತೆಗೆ ದುವಾ ಮಾಡಿದ್ರೆ ಗುನ್ಹಾ, ಪಾಪ ಆಗುತ್ತೋ ಏನೋ ಅಂತ ನಂಗೆ ಹೆದರಿಕೆ ಆಯ್ತು. ಕೊನೇಲಿ ಸಲ್ಮಾ ಅಂದ್ರು. ಆ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ವರ್ಷ ಆಗಿತ್ತು. ಹಂಗಂದು ಅತ್ತರು ನೋಡಿ. ಮಗು ಅವತ್ತೇ ಹೋಗಿದ್ದೇನೋ ಅನ್ನಂಗೆ. ನಾನೂ ಜೊತೆಗೆ ಅತ್ತೆ. ಆಮೇಲೆ ದಿನಾ ಕಬರಸ್ತಾನಕ್ಕೆ ಹೋಗೋರು."

"ನಾನು..." ಎಂದರು ಶಿವಮಲ್ಲಪ್ಪನವರು.

"ನೀವು ಮಾಡಿದ್ದು ಒಳ್ಳೇದೋ ಕೆಟ್ಟದ್ದೋ ನಂಗೆ ತಿಳಿಯಲ್ಲ ಭಾಯಿ. ಅದ್ರಿಂದ್ಲೇ ಹೋದ್ರೋ, ಎದೇಲಿ ಧೂಳು ತುಂಬಿ ಹೋದ್ರೋ, ಅದೂ ತಿಳಿಯಲ್ಲ. ಆದ್ರೆ ಆ ಜನಾನ ಮತ್ತೆ ಎಬ್ಬಿಸ್ಬೇಡಿ. ಮಂಜು ಗಿಂಜು ಏನೂ ಇಳಿಸ್ಬೇಡಿ. ಅಷ್ಟು ಕಷ್ಟಪಟ್ಟು ಅಲ್ಲಾಗೆ ಒಪ್ಪಿಸಿ ಹೋಗಿದಾರೆ."

ವಾರವೆಲ್ಲ ಕಟ್ಟಿದ ಮಾತು ಅವರ ಬಾಯಲ್ಲಿ ಅಂಟಾಗಿ ಉಳಿಯಿತು. ನಾಳೆ ಸಂತೆಯಲ್ಲಿ, ಎಲ್ಲರೆದುರಿಗೆ, ದೊಡ್ಡ ಮನಸ್ಸಿನವರಂತೆ, ಆ ಹುಡುಗಿಯನ್ನು ಮತ್ತೆ ಕೊಳದ ಹತ್ತಿರ ಕೂರಿಸಿ, ಈಗ ನೀನು ಹೇಳು ರಹೀಮಾ ಎನ್ನುತ್ತಿದ್ದರು. ಅವನು ಬದುಕಿದ್ದರೆ ಅದನ್ನೂ ಮಾಡುತ್ತಿದ್ದರು. ಕೊಂದದ್ದು ಒಂದು ಸಲವಾದರೆ, ಸರಿಮಾಡಹೋಗಿ ಅವನಿಂದ ಇನ್ನೊಂದು ಸಲ ಆ ಮಗುವನ್ನು ಹೂಳಿಸುತ್ತಿದ್ದರು. ಎದ್ದು ನಿಂತರು. ಪರದೆಗೆ ಕೈಮುಗಿದದ್ದು ಆಚೆಗೆ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಸಾದಿಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ಕಬರಸ್ತಾನದ ಗೋಡೆ ಒಂದು ಕಡೆ ಕುಸಿದಿತ್ತು, ಆಡುಗಳು ಒಳಗೆ ಮೇಯುತ್ತಿದ್ದವು. ಹೊಸ ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು. ಅದರ ಸುತ್ತ ನೆಲವೆಲ್ಲ ತಗ್ಗುದಿಣ್ಣೆ. ಯಾವುದು ಗೋರಿ, ಯಾವುದು ಬರಿಯ ನೆಲ ಎಂದು ಹೇಳುವ ಹಾಗಿರಲಿಲ್ಲ.

"ಅಪ್ಪೋರೆ, ಒಂದ್ ಮಾತು," ಎಂದ ಸಾದಿಕ್. "ಅಕ್ಕನ್ನ, ಸಲ್ಮಾ ಆಪಾನ ಮಣ್ಣು ಮಾಡಿದ್ದು ಎಲ್ಲಿ ಅಂತ ಅಬ್ಬಾಗೆ ಗೊತ್ತಾಗ್ಲಿಲ್ಲ. ಈ ವಾರ ಎಲ್ಲಾ ಹುಡುಕ್ತಿದ್ರು. ಇಲ್ಲೇ ಇರ್ಬೇಕು, ಇಲ್ಲ ಅಲ್ಲಿರ್ಬೇಕು ಅಂತ ಕೋಲಲ್ಲಿ ತೋರ್ಸೋರು. ನಾನು ಆಪಾನ ಪಕ್ಕ ಇರ್ಲಿ ಅಂತ ಅಂದಾಜಿನ ಮೇಲೆ ಅವರದ್ದನ್ನ ಇಲ್ಲಿ ತೋಡಿಸ್ದೆ. ಅವತ್ತು ಬಂದೋರಲ್ಲಿ ಈಗ ಉಳ್ದಿರೋರು ನೀವೊಬ್ರೇ. ಸರಿಯಾಯ್ತಾ ಜಾಗ?"

ಶಿವಮಲ್ಲಪ್ಪನವರು ಸುತ್ತ ನೋಡಿದರು. ಬಂದಿದ್ದರು, ಹೌದು. ರಹೀಂ ಆ ಪುಟ್ಟ ಬಿಳಿ ಗಂಟನ್ನು ಯಾರಿಗೂ ಕೊಡದೆ ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ನಡೆದದ್ದು ನೆನಪಿದೆ. ತಮ್ಮ ಹೊಸ ಚಪ್ಪಲಿ ಕಚ್ಚುತ್ತಿದ್ದದ್ದು ನೆನಪಿದೆ. ಬಿಸಿಲಿತ್ತು. ಮರವೊಂದಿತ್ತೇ? ಎಡಕ್ಕೆ ತಿರುಗಿದ್ದರೋ ಬಲಕ್ಕೋ? ಮಂಜಿನವರ ಹೆಸರುಗಳನ್ನು ನೆನೆಯಲು ನೋಡಿದರು. ಹಿರಿಯನದೊಂದು ಬಂತು, ಇನ್ನೊಂದು ಅರ್ಧ ಬಂತು. ಅಷ್ಟು ಸಂತೆಗಳಲ್ಲಿ ಎದುರಿಗೇ ಕೂತು ಕೇಳಿದ ಹೆಸರುಗಳು. ತಾವು ಕೇಳಿರಲೇ ಇಲ್ಲ. ರಹೀಂ ಹೇಳುತ್ತಿದ್ದಾಗಲೆಲ್ಲ ತಮ್ಮ ಸರದಿಯ ಮಾತನ್ನು ಒಳಗೇ ಕಟ್ಟಿಕೊಳ್ಳುತ್ತಿದ್ದರು. ಒಂದು ಇಡೀ ಜನ, ಅವರ ಹೆಸರು ಬಲ್ಲ ಕೊನೆಯವನೊಂದಿಗೆ, ಈ ಹಸಿಮಣ್ಣಿನಡಿ ಇತ್ತು. ಹೌದು, ಇದೇ ಜಾಗ ಎಂದರೆ ಹುಡುಗನಿಗೆ ಸಮಾಧಾನ. ಬೆಳಗಿನಿಂದ ಆಡಿದ ಸುಳ್ಳುಗಳ ಜೊತೆ ಇನ್ನೊಂದು.

"ನಂಗೆ ಗ್ಯಾಪ್ಕ ಇಲ್ಲ ಕಣಪ್ಪ," ಎಂದರು. "ಬಂದಿದ್ದೆ. ನೋಡಿರ್ನಿಲ್ಲ."

ಸಾದಿಕ್ ತಲೆಯಾಡಿಸಿ ಆಡುಗಳನ್ನು ಓಡಿಸಲು ಆ ಕಡೆ ಹೋದ. ಶಿವಮಲ್ಲಪ್ಪನವರು ಚಪ್ಪಲಿ ಬಿಟ್ಟು ಮಣ್ಣಿನ ಹತ್ತಿರ ಕೂತರು. ಒಂದು ಹಿಡಿ ಮಣ್ಣು ತೆಗೆದು ಗುಡ್ಡೆಯ ಮೇಲೆ ಹಾಕಿದರು. ತಮಗೆ ಬರುತ್ತಿದ್ದ ಮಂತ್ರಗಳಲ್ಲಿ ಯಾವುದೂ ಆಗ ನಾಲಿಗೆಗೆ ಏರಲಿಲ್ಲ. ಕೈ ಮುಗಿದು, ಸಣ್ಣ ದನಿಯಲ್ಲಿ, ಎದುರಿಗೆ ಯಾರೋ ಕೂತಿರುವ ಹಾಗೆ ಹೇಳಿದರು:

"ತಂದೆ, ಸಾವಿಲ್ಲದವನು ನೀನೊಬ್ಬನೇ. ಅದನ್ನು ಇವನು ನನಗಿಂತ ಚೆನ್ನಾಗಿ ಬಲ್ಲ. ನನ್ನದು ಏನನ್ನೂ ಇವತ್ತು ಕೇಳುವುದಿಲ್ಲ. ಇವನ ಮಗಳು ಈ ನೆಲದಲ್ಲಿ ಎಲ್ಲೋ ಇದ್ದಾಳೆ, ನಾವು ಮರೆತೆವು, ನೀನು ಮರೆತಿರುವುದಿಲ್ಲ. ಇವನನ್ನು ಅವಳ ಹತ್ತಿರ ಮಲಗಿಸು. ಇವನ ಜೊತೆ ಇನ್ನೊಂದಷ್ಟು ಜನ ಬಂದಿರುತ್ತಾರೆ. ನೀನು ಹುಟ್ಟಿಸಿದವರಲ್ಲ, ಇವನು ಹುಟ್ಟಿಸಿದವರು, ನಾನು ಕೊಂದವರು. ಯಾರು ನೀವು ಎಂದು ಅವರನ್ನು ಹೊರಗೆ ನಿಲ್ಲಿಸಬೇಡ. ಹೆಸರು ಹೇಳಬಲ್ಲವನು ಇವನೊಬ್ಬನೇ, ಇವನು ಬಹಳ ದಣಿದಿದ್ದಾನೆ. ಮೊದಲು ಇವನ ಉಸಿರು ಹಗುರಾಗಲಿ, ಆಮೇಲೆ ನಿಧಾನವಾಗಿ ಹೇಳುತ್ತಾನೆ. ನಡುವೆ ಯಾರೂ ಬಾಯಿ ಹಾಕದಿರಲಿ. ಎಲ್ಲರಿಗೂ ಶಾಂತಿ ಕೊಡು."